ಜಾಡಿ ಮ್ಯಾಲಿನ ಕಬ್ಬಿಣ

ಮೂವತ್ತು ವರ್ಷ ಅದು
ಅವ್ವನ ಉಪ್ಪಿನಕಾಯಿ ಜಾಡಿ ಮ್ಯಾಲ ಕುಂತಿತ್ತು.
ಬಾಯಿಗೆ ಅರಿವಿ ಬಿಗಿದು, ಅರಿವಿ ಮ್ಯಾಲ ಹಲಗಿ,
ಹಲಗಿ ಮ್ಯಾಲ ಇದು:
ಒಂದನ್ನೊಂದು ಕಚ್ಚಿಕೊಂಡ ಎರಡು ಕರಿ ತಟ್ಟಿ,
ಉದ್ದಾನ ಹಿಡಿಕಿ, ಒಳಗೆಲ್ಲ ಚೌಕ ಚೌಕ ಹಲ್ಲು.
ಏನಿದು ಅಂತ ಯಾರೂ ಕೇಳಲಿಲ್ಲ.
ಭಾರ ಇತ್ತು. ಅಷ್ಟು ಸಾಕಿತ್ತು.

ವಾಡಿ ಜಂಕ್ಷನ್ನಿನ ಕ್ವಾರ್ಟರ್ಸ್ ಬಿಟ್ಟು
ಡ್ರೈವರ್ ಹ್ಯಾರಿಸನ್ ಸಾಹೇಬ ಹೊಂಟಾಗ
ಪಲಂಗ ಮಾರಿದ, ಕೋಳಿ ಹಂಚಿದ,
ತನ್ನ ಫೈರ್‌ಮನ್ನಿಗೆ, ಅಂದ್ರ ನಮ್ಮಪ್ಪಗ, ಇದನ್ನ ಕೊಟ್ಟ.
"ವಾಫಲ್ ಬನಾಕೆ ಖಾನಾ, ಮಾಣಿಕ."
"ಜೀ ಸಾಬ್" ಅಂದ ಅಪ್ಪ
ತಂದು ಅವ್ವನ ಕೈಯಾಗಿಟ್ಟ.
ಅವ್ವ ಒಮ್ಮೆ ಎತ್ತಿ ನೋಡಿ ಜಾಡಿ ಮ್ಯಾಲಿಟ್ಟಳು.

ಹೋದ ವಾರ ನನ್ನ ಮಗಳು ಮೇಘರಾಣಿ
ಕಲಬುರಗಿಗೆ ಹೋಗಿ ನೂರಾ ಎಂಬತ್ತು ರೂಪಾಯಿ ಕೊಟ್ಟು
ಒಂದು ತಿಂದು ಬಂದಳು. ಫೋನಿನಾಗ ಫೋಟೋ ತೋರಿಸಿದಳು.
ಅಪ್ಪ ಕನ್ನಡಕ ಏರಿಸಿ, ಫೋಟೋದ ಮ್ಯಾಲ ಬೆರಳಿಟ್ಟು ಅಂದ:
"ಈ ಹಲ್ಲಿನ ಗುರುತು ನಮ್ಮ ಜಾಡಿದು."

ಹುಣಸಿಹುಳಿ, ಬೂದಿ, ತೆಂಗಿನ ನಾರು.
ತುಕ್ಕು ಮೂರು ನೀರು ಕುಡಿದು ಬಿಡ್ತು.
ಕುಸುಬಿ ಎಣ್ಣಿ ಸವರಿ ಒಲಿ ಮ್ಯಾಲ ಕಾಸಿದೆ,
ಮತ್ತ ಸವರಿದೆ, ಮತ್ತ ಕಾಸಿದೆ.
ಮನಿ ತುಂಬ ಹೊಗಿ. ಬಾಜೂ ಮನಿ ಶಂಕ್ರೆಮ್ಮ ಇಣುಕಿ ಹೋದಳು.
"ತತ್ತಿ ಗಿತ್ತಿ ಹಾಕೀರಿ, ನನ್ನ ಉಪ್ಪಿನಕಾಯಿ ಕಾದಿದ್ದು ಅದು"
ಅಂಗಳದಿಂದ ಅವ್ವ.
ಗೋಧಿ ಹಿಟ್ಟು, ಒಂದು ಹಿಡಿ ಜೋಳದ್ದು, ಮಜ್ಜಿಗಿ, ಬೆಲ್ಲ,
ಕರಗಿದ ತುಪ್ಪ, ಚಿಟಿಕಿ ಸೋಡಾ.

ಮೊದಲನೇದು ಅವಸರಕ್ಕ ತೆಗೆದೆ:
ಅರ್ಧ ಮ್ಯಾಲ, ಅರ್ಧ ಕೆಳಗ,
ಜಗ್ಗಾಡಿ ಹರಿದ ಅಂಗಿ.
ಎರಡನೇದು ಒಂದು ಮಗ್ಗುಲು ಇದ್ದಿಲು.

ಆಗ ಬಂದ ಅಪ್ಪ.
ಅಡಗಿ ಮನಿಗೆ ಉಣ್ಣಾಕ ಬಿಟ್ಟು ಎಂದೂ ಬಂದವನಲ್ಲ.
ಸ್ಟೂಲ್ ಎಳಕೊಂಡು ಕುಂತ.
ಕಿವಿ ಎಂಜಿನ್ ತಿಂದಾವ, ನಾ ಏನಂದ್ರೂ ಕೇಳಂಗಿಲ್ಲ.
ಬಗ್ಗಿ ಉರಿ ನೋಡಿದ. "ನಡುವಿಗೆ ಅಷ್ಟೇ ಹತ್ಯಾದ, ಮೂಲಿಗೆ ಇಲ್ಲ."
ಗ್ಯಾಸ್ ಸಣ್ಣ ಮಾಡಿದ. ಕಬ್ಬಿಣ ತಿರುವಿ ತಿರುವಿ ಕಾಸಿದ.
ಬೆರಳದ್ದಿ ನೀರು ಚಿಮ್ಮಿದ, ಹನಿ ಕುಣಿದು ಓಡ್ತು.
"ಈಗ ಹಾಕು."

ಮುಚ್ಚಿದ ಕೂಡಲೇ ಸುತ್ತಲೂ ಉಗಿ.
ನಾ ಹಿಡಿಕಿಗೆ ಕೈ ಹಾಕಿದೆ, ಕೈ ಸರಿಸಿದ.
"ಇನ್ನೂ ಮಾತಾಡ್ಲಿಕತ್ತದ. ಮುಗಿಸಲಿ."
ಮಗುಚಿದ. ಸುಟ್ಟ ಕಲಿಯ ಮೊಣಕೈ ಮೊದಲಿನಂಗ ತಿರುಗ್ತು.
ತುಟಿ ಅಲುಗ್ತಿತ್ತು, ಎಣಿಸ್ತಾನಂತ ತಿಳಿದೆ.
ಎಣಿಸ್ತಿರಲಿಲ್ಲ:
ಶಹಾಬಾದ... ಮರತೂರ... ಹಿರೇನಂದೂರ...
ಉಗಿ ತೆಳ್ಳಗಾತು, ಎಳಿ ಆತು,
ದೂರ ಹೋದ ಗಾಡೀದಂಗ ಇಲ್ಲವಾತು.
"ತೆಗಿ."

ತಾನಾಗೇ ಬಿಟ್ಟು ಬಂತು, ಹುರಿದ ಶೇಂಗಾದ ಬಣ್ಣ.
ಮೇಘರಾಣಿ ಒಂದೊಂದು ಗುಂಡಿಗೂ ಬೆಲ್ಲದ ಪಾಕ ಬಿಟ್ಟಳು
ಹೊಲಕ್ಕ ನೀರು ಹಾಯಿಸೋರಂಗ ಕಾದು ಕಾದು.
ಅಪ್ಪ ಮೂಲಿ ಮುರಿದು ಶೇಂಗಾ ಹಿಂಡ್ಯಾಗ ಒತ್ತಿ
ಬಾಯಿಗಿಟ್ಟ. ನಾವು ನೋಡಿದೆವು.
"ರೊಟ್ಟಿ ಅಲ್ಲ" ಅಂದ.
ಇನ್ನೊಂದು ಮೂಲಿ ಮುರಿದ.

ಆಮ್ಯಾಲ, ಯಾರೂ ಕೇಳದೇ:
"ಬೆಳಗಿನ ಡ್ಯೂಟಿಗೆ ಸಾಹೇಬನ್ನ ಕರೀಲಿಕ್ಕ ಹೋಗ್ತಿದ್ದೆ.
ಬಾಗಿಲ ಹೊರಗ ನಿಲ್ತಿದ್ದೆ. ಒಳಗಿಂದ
ಈ ವಾಸನಿ ಬರ್ತಿತ್ತು.
ಹನ್ನೊಂದು ವರ್ಷ. ಏನಂತ ಕೇಳಿರಲಿಲ್ಲ."

ಮೇಘರಾಣಿ ಫೋಟೋ ತೆಗೀಲಿಕ್ಕ ಮರೆತಿದ್ದಳು.
ಕಬ್ಬಿಣ ಆರ್ತಾ ಆರ್ತಾ ಟಿಕ್ ಅಂತು.

"ತಿಂದಾತಿಲ್ಲ?" ಅವ್ವ ಬಾಗಿಲಾಗ,
ಎರಡೂ ಕೈಲೆ ಜಾಡಿ ತಬ್ಬಿಕೊಂಡು.
"ಈಗ ಇದರ ಮ್ಯಾಲ ಏನಿಡಲಿ, ಹೇಳ್ರಿ."