ಎಂಟಾಣೆ

ಅರಸೀಕೆರೆ ಜಂಕ್ಷನ್ನಿನ ಎರಡನೇ ಪ್ಲಾಟ್‌ಫಾರಮ್ಮು,
ರಾತ್ರಿ ಒಂದೂ ಹತ್ತರ ಗಾಡಿ.
ಅಪ್ಪ ಚೌರಪ್ಪ, ಒಂದು ಕೈಯಲ್ಲಿ ಲಾಟೀನು,
ಇನ್ನೊಂದರಲ್ಲಿ ಉದ್ದ ಹಿಡಿಯ ಸುತ್ತಿಗೆ,
ಬಗ್ಗಿ ಬಗ್ಗಿ ಚಕ್ರ ತಟ್ಟುತ್ತಾ ಹೋಗುವನು:
ಠಣ್. ಠಣ್. ಠಣ್.
ಬುತ್ತಿ ತಂದು ಅಲ್ಲೇ ಉಳಿದ ನಾನು
ಗೋಣಿಮೂಟೆಯ ಮೇಲೆ ಕೂತು ಎಣಿಸುವೆನು.
ನಿದ್ದೆ ಬಂದರೆ ನನಗೆ ಎಣಿಕೆ ತಪ್ಪುವುದು.
"ಗಟ್ಟಿ ಚಕ್ರ ಹಾಡ್ತದೆ ಲೂರ್ದು,
ಬಿರುಕು ಬಿಟ್ಟಿದ್ದು ಗೊಣಗ್ತದೆ."

ಒಮ್ಮೆ ಒಂದು ಗೊಣಗಿತು.
ಗಾಡಿ ನಲವತ್ತೇಳು ನಿಮಿಷ ನಿಂತಿತು, ಬೋಗಿ ಬಿಚ್ಚಿದರು,
ಕಿಟಕಿಗಳಿಂದ ಬೈಗುಳ ಸುರಿಯಿತು.
ಮೈಸೂರಿಂದ ಕಾಗದ ಬಂದು ಕಾರಣ ಕೇಳಿತು.
ಅಪ್ಪನ ಉತ್ತರ ಒಂದೇ ಸಾಲು, ಅದೂ ನನ್ನ ಕೈಯಲ್ಲಿ ಬರೆಸಿದ್ದು:
ಸದ್ದು ಸರಿಯಿರಲಿಲ್ಲ.

ನಾನು ವಿಮಾನ ಕಟ್ಟಲು ಹೋದೆ.
ಕಟ್ಟಲು ಎನ್ನುವುದು ಊರಿನವರಿಗೆ ಹೇಳುವ ಮಾತು;
ಮೂವತ್ತೊಂದು ವರ್ಷ ನಾನು ಮಾಡಿದ್ದು
ಕಟ್ಟಿದ್ದನ್ನು ನಂಬದಿರುವ ಕೆಲಸ.
ಕಾರ್ಬನ್ ನೂಲಿನ ಬಟ್ಟೆ, ಪದರದ ಮೇಲೆ ಪದರ,
ಅಂಟು ಕುಡಿದು, ಒಲೆಯಲ್ಲಿ ಬೆಂದು ರೆಕ್ಕೆಯಾಗುವುದು.
ನಡುವೆಲ್ಲೋ ಎರಡು ಪದರ ಮುನಿಸಿಕೊಂಡು
ಉಗುರಿನಷ್ಟು ಜಾಗ ಬಿಟ್ಟಿದ್ದರೆ
ಕಣ್ಣಿಗೆ ಕಾಣದು.
ಯಂತ್ರಗಳಿದ್ದವು, ಪರದೆಯ ಮೇಲೆ ಹಸಿರು ಗೆರೆ ಕುಣಿಸುವಂಥವು.
ನನ್ನ ಬಿಳಿ ಕೋಟಿನ ಜೇಬಿನಲ್ಲಿ
ಹಾಸ್ಟೆಲಿಗೆ ಹೊರಟ ದಿನ ಅಪ್ಪ ಕೊಟ್ಟ ಎಂಟಾಣೆ.
ಅದರ ಅಂಚಿನಿಂದ ತಟ್ಟುವೆನು, ಕಿವಿ ತಗ್ಗಿಸಿ:
ಟಿಕ್. ಟಿಕ್. ಟಿಕ್.

ಒಂದು ಮಾರ್ಚಿ ತಿಂಗಳು, ಬಜೆಟ್ಟಿನ ಗಡುವು,
ಎಡರೆಕ್ಕೆ, ಮೂರನೇ ಪಕ್ಕೆಲುಬಿನ ಹತ್ತಿರ: ಟೊಕ್.
ಯಂತ್ರ ಸರಿಯಿದೆ ಎಂದಿತು. ಸಾಹೇಬರೂ ಎಂದರು.
ಮೂರು ಸಲ ಪೆನ್ನು ಮುಂದೆ ಮಾಡಿದರು.
ಷರಾ ಕಾಲಮ್ಮಿನಲ್ಲಿ ನಾನು ಬರೆದೆ
ಆ ಹಳೆಯ ಸಾಲನ್ನೇ, ಇಂಗ್ಲಿಷಿನಲ್ಲಿ.
ರೆಕ್ಕೆಯನ್ನು ಯಾರೂ ಕೊಯ್ದು ನೋಡಲಿಲ್ಲ.
ಷೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಇನ್ನೂ ಒರಗಿರಬೇಕು;
ನಾನು ಸರಿಯೋ ತಪ್ಪೋ, ಅದಕ್ಕಷ್ಟೇ ಗೊತ್ತು.
ಅಪ್ಪನ ಚಕ್ರ ಏನಾಯಿತು, ಅದೂ ತಿಳಿಯಲಿಲ್ಲ.
ಕೇಳೋಣವೆಂದರೆ ಅಷ್ಟರಲ್ಲಿ
ಅವನಿಗೆ ಕಿವಿ ಹೋಗಿತ್ತು.

ಈಗ ಜಂಕ್ಷನ್ನಿನಲ್ಲಿ ಗಾಡಿ ಸುಮ್ಮನೆ ನಿಂತು ಹೊರಡುತ್ತದೆ,
ಯಾರೂ ತಟ್ಟುವುದಿಲ್ಲ.
ಕಾಯಿ ಮಾರುವ ಗಂಗಮಾಳವ್ವ
"ಇಂಜಿನಿಯರಮ್ಮ, ನೀವೇ ಆರಿಸ್ಕೊಳಿ" ಅಂದಳು.
ಎಂಟಾಣೆ ತೆಗೆದು ಒಂದೊಂದನ್ನೇ ತಟ್ಟಿ ಐದು ತಂದೆ.
ಒಂದು ಕೊಳೆತಿತ್ತು.
ಮಾರನೇ ದಿನ ಹೇಳಿದರೆ ನಕ್ಕು ಬೇರೆ ಕಾಯಿ ಕೊಟ್ಟಳು.
"ಆ ಎಂಟಾಣೆ ಈಗ ನಡೆಯಲ್ಲ ಕಣಮ್ಮ."