ಅರವತ್ತೊಂದು

ವರ್ಷಕ್ಕೊಮ್ಮೆ ಸಮಿತಿ ಹೊಂಡತೈತಿ. ಗಾಡಿ ನಂದು.
ಹಿಂದಿನ ಸೀಟಿನ್ಯಾಗ ಇಬ್ಬರು ಪ್ರೊಫೆಸರು, ಒಬ್ಬಾಕಿ ಮೇಡಂ,
ನಡುವ ಒಂದು ನೀಲಿ ಫೈಲು
ಕುಂತಲ್ಲೇ ನಿದ್ದಿ ಹೋದ ಕೂಸಿನಂಗ.
ಗೋವಾದಾಗ ದೇವರ ಹೆಸರಿನ ಸಣ್ಣ ಕಾಲೇಜು ಎಷ್ಟದಾವ
ಅಂತ ಅವರಿಗೆ ಫೈಲು ಹೇಳತೈತಿ,
ನನಗ ಗಿಡದ ನೆಳ್ಳು ಹೇಳತೈತಿ:
ಎಲ್ಲಿ ನಿಲ್ಲಿಸಿದ್ರ ಗೇರುಹಣ್ಣು ಬಾನೆಟ್ಟಿನ ಮ್ಯಾಲ ಬೀಳತಾವ,
ಎಲ್ಲಿ ನಳದಾಗ ನೀರು ಬರಂಗಿಲ್ಲ,
ಎಲ್ಲಿ ಡ್ರೈವರಗೂ ಊಟ ಐತಿ.

ಫೋಂಡಾದ ಕಡೆ ಮಠದವರ ಕಾಲೇಜು.
ಗೇಟಿನ್ಯಾಗ ಹೆಸರು ಕೇಳಿದ್ರು. ಫಕೀರಪ್ಪ ಅಂದೆ.
ಬರಕೊಳ್ಳಾಂವ 'ಫಕೀರ' ಅಂತ ಬರದು ಪೆನ್ನು ಎತ್ತಿಬಿಟ್ಟ,
ಅಪ್ಪ ಹೊರಗs ಉಳದ.
ಒಳಗ ಹುಡುಗರು ಶ್ಲೋಕ ಹೇಳಿ ಮುಗಿಸಿ
ಅದs ದನಿಯಾಗ ಅಕೌಂಟ್ಸ್ ಓದತಿದ್ರು.
ಚಹಾ ಬಂತು. ಎಲ್ಲರಿಗೂ ಸ್ಟೀಲು, ನನಗ ಕಾಗದದ ಕಪ್ಪು.
ಮರವೋ, ರೂಢಿಯೋ.
ಬಿಸಿ ಇತ್ತು, ಕುಡದೆ.

ಮಡಗಾಂವ್ ದಾಟಿ ಬಾಡಿಗಿ ಕಟ್ಟಡದ ಎರಡನೇ ಅಂತಸ್ತಿನ್ಯಾಗ
ಜಮಾತಿನವರದು. ಕೆಳಗ ಟೈಲ್ಸ್ ಅಂಗಡಿ.
ವಾಚಮನ್ ನನ್ನ ಹೆಸರು ಕೇಳಿ ಎದ್ದು ಸಲಾಂ ಹೊಡದ.
'ಅಲ್ಲಪಾ, ನಮ್ಮವ್ವ ಶಿರಹಟ್ಟಿ ಫಕೀರಸ್ವಾಮಿಗೆ
ಹರಕಿ ಹೊತ್ತು ಹಡದಾಳ' ಅಂದೆ.
'ಹಂಗಾರ ಸಲಾಂ ವಾಪಸ್ ಕೊಡು' ಅಂದ. ಸವಣೂರಾಂವ.
ತಾ ರೋಜಾ ಇದ್ದು ನನ್ನ ಕೈಯಾಗ ಎರಡು ಖಜೂರ ಇಟ್ಟ.

ಕಡೀಕ ಕೆಪೆಂ ರಸ್ತೆ. ಗುಡ್ಡದ ಮ್ಯಾಲ ಸಿಸ್ಟರುಗಳ ಕಾಲೇಜು.
ಇಲ್ಲಿಗೆ ದಾರಿ ಕೇಳಬೇಕಿಲ್ಲ ನಾ.
ಆದ್ರೂ ತಿರುವಿನ್ಯಾಗ ಗಾಡಿ ನಿಲ್ಲಿಸಿ
ಸೈಕಲ್ಲಿನ ಪಾವ್ ಮಾರಾಂವನ್ನ ಕೇಳಿದೆ, ಗೊತ್ತಿಲ್ಲದವರಂಗ.
ಸಿಸ್ಟರ್ ಎಪಿಫಾನಿಯಾ ಬಾಗಲಿಗೆ ಬಂದ್ಲು,
ನನ್ನ ನೋಡಿದ್ಲು, ನೋಡದಂಗ ಮಾಡಿದ್ಲು.
ಎರಡು ವರ್ಷದ ಹಿಂದ ಝುವಾರಿನಗರದ ನಮ್ಮ ಓಣ್ಯಾಗ
ಮುರದ ಛತ್ರಿ ಹಿಡಕೊಂಡು ಬಂದು
'ಹುಡುಗೀನ ಮೀನಿನ ಕಂಪನಿಗೆ ಕಳಸಬ್ಯಾಡ'
ಅಂತ ಮುರದ ಕನ್ನಡದಾಗ ಅಂದಾಕಿ ಈಕಿನ.
ಫೀ ಕೇಳಲಿಲ್ಲ. ಯಾವ ದೇವರು ಅಂತಾನೂ ಕೇಳಲಿಲ್ಲ.
ಒಂದs ಮಾತು: ನಡುವ ಮದಿವಿ ಮಾಡಬ್ಯಾಡ.

ಒಳಗ ಎಣಸತಿದ್ರು:
ಕುರ್ಚಿ, ಪುಸ್ತಕ, ಬೆಂಕಿ ಆರಸೋ ಡಬ್ಬಿ, ಹುಡುಗ್ಯಾರು.
ಹನ್ನೆರಡಕ್ಕ ಗಂಟಿ ಆತು. ಎಲ್ಲಾರೂ ಎದ್ದು ನಿಂತ್ರು,
ಕಿಟಕ್ಯಾಗ ನನ್ನ ನೀಲಗಂಗಾನೂ.
ಎದಿ ಮ್ಯಾಲ ಶಿಲುಬಿ ಬರೀಲಿಲ್ಲ, ಕೈ ಕಟ್ಟಿ ನಿಂತಳು,
ಮಂದಿ ಮನ್ಯಾಗ ನಿಂತಂಗ ಅಲ್ಲ,
ತನ್ನ ಪಾಳಿ ಬರೂದೈತಿ ಅಂತ ಗೊತ್ತಿದ್ದವರಂಗ.
ನನ್ನ ಕಂಡಳು. ಕೈ ಎತ್ತಲಿಲ್ಲ.
ನಾನೂ ಎತ್ತಲಿಲ್ಲ,
ಒರಸಿದ ಗಾಜು ಮತ್ತೊಮ್ಮೆ ಒರಸಿದೆ.

ಇಳಿಜಾರಿನ್ಯಾಗ ಹಿಂದಿನ ಸೀಟು ಮಾತಾಡತು.
'ಅರವತ್ತೊಂದು. ಇದಕ್ಕ ಕಾಲೇಜು ಅನ್ನೂಣೇನು?'
'ಮಡಗಾಂವದ ದೊಡ್ಡದರಾಗ ಕೂಡಿಸಿದ್ರಾತು.'
'ಇಲ್ಲೇ ಉಣ್ಣೂ ಹುಡುಗ್ಯಾರು?' ಮೇಡಂ ಕೇಳಿದ್ರು.
ಆ ಮಾತಿಗೆ ಒಂದು ತಿರುವು, ಒಂದು ಹಂಪು ದಾಟೂಮಟಾ
ಯಾರೂ ಉತ್ತರ ಕೊಡಲಿಲ್ಲ.
'ನೀ ಏನಂತೀ ಫಕೀರಪ್ಪ?' ಒಬ್ಬರು ಚಾಷ್ಟಿ ಮಾಡಿದ್ರು.
'ನನಗ ದಾರಿ ಅಷ್ಟs ಗೊತ್ರೀ' ಅಂದೆ,
ಗೇರು ಬದಲಿಸಿದೆ.

ಸಂಜಿಗೆ ಆಫೀಸಿನ ಲಿಫ್ಟು ಕೆಟ್ಟಿತ್ತು.
ಫೈಲು ಎದಿಗೆ ಹಿಡಕೊಂಡು ಮೂರನೇ ಮಹಡಿಗೆ ನಾನs ಹತ್ತಿದೆ.
ಮ್ಯಾಲ ಪೆನ್ಸಿಲ್ಲಿನ್ಯಾಗ ಬರದಿದ್ರು: 61.
ಓದೂದು ನನಗ ಅಷ್ಟಕ್ಕಷ್ಟ, ಅಂಕಿ ಬರತಾವ.
ಮೆಟ್ಟಲದ ಮ್ಯಾಲ ನಿಂತು ಬಾಳ ಹೊತ್ತು ನೋಡಿದೆ,
ಆ ಡೊಳ್ಳುಹೊಟ್ಟಿ ಆರರಾಗ ಎಲ್ಲರ ಕೂಡ ಕುಂತಾಳೋ,
ಬಾಜೂಕ ನೆಟ್ಟಗ ನಿಂತೈತಲ್ಲ ಒಂದು,
ಅದು ಆಕಿನೋ.