ಕಪ್ಪು ರಿಬ್ಬನ್ನಿನ ಅಳತೆ

ಬಾವುಟದ ಅಗಲದ ಇಪ್ಪತ್ತರಲ್ಲೊಂದು ಪಾಲು.
ಉದ್ದ, ಬಾವುಟದಷ್ಟಾದರೂ ಇರಬೇಕು.
ಶೋಕದ ದಿನ ಕೋಲಿನ ತುದಿಗೆ ಕಟ್ಟುವ ಕಪ್ಪು ಪಟ್ಟಿಗೂ
ನಮ್ಮ ಲಾಟ್ವಿಯಾದಲ್ಲಿ ಕಾಯಿದೆಯುಂಟು.
ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅದನ್ನು
ಪೆನ್ಸಿಲಿನಲ್ಲಿ ಗೀಚಿಟ್ಟುಕೊಂಡವಳು ನಾನು, ಮಿರ್ಡ್ಜಾ,
ಗುಂಡಿ ದಾರ ಲೇಸುಗಳ ಅಂಗಡಿಯವಳು.

ಬಂದರಿನ ಗೋಧಿ ಕಣಜ ಸಿಡಿದದ್ದು ಮಂಗಳವಾರ, ಹತ್ತೂವರೆಗೆ.
ಧಾನ್ಯದ ಧೂಳಿಗೆ ಒಂದು ಕಿಡಿ ಸಾಕಂತೆ; ನನಗೆ ಗೊತ್ತಿರಲಿಲ್ಲ.
ಗಾಜಿನ ಭರಣಿಗಳೊಳಗೆ ಗುಂಡಿಗಳೆಲ್ಲ ಒಮ್ಮೆಲೇ
ನಕ್ಕ ಹಾಗೆ ಸದ್ದಾಯಿತು.
ನಕ್ಕ ಹಾಗೆ. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ.
ಆಮೇಲೆ ಬೀದಿಯ ತುಂಬ ಹುರಿದ ಗೋಧಿ ಸುರಿಯಿತು.
ಪಾರಿವಾಳಗಳು ಇಳಿದವು. ಓಡಿಸಲು ಯಾರಿಗೂ ಕೈ ಬರಲಿಲ್ಲ.

ಸಂಜೆ ರೇಡಿಯೋದಲ್ಲಿ ಹೆಸರು ಓದಿದರು.
ನಮ್ಮ ವ್ಯಾಕರಣ ಗಂಡಸಿನ ಹೆಸರಿನ ಬಾಲಕ್ಕೊಂದು ‘ಸ್’ ಅಂಟಿಸುತ್ತದೆ:
ಆಗ್ರಿಸ್, ತಾಲಿವಾಲ್ದಿಸ್, ಇನ್ನೂ ಮೀಸೆ ಬಲಿಯದ ರೈವಿಸ್.
ಅದೇ ಉಸಿರಿನಲ್ಲಿ, ಗೆನ್ನಾದಿಯ್ಸ್.
ಎದುರು ಬಾಗಿಲ ಕ್ಲಾವ್ದಿಯಾಳ ಮಗ. ಕ್ರೇನಿನವನು.
ಆ ಒಂದು ‘ಸ್’ ಅಳಿಸಿ, ನನ್ನ ಮಗ ಗೆನ್ನಾದಿ, ಬರೀ ಗೆನ್ನಾದಿ ಎಂದು
ಪಾಸ್‌ಪೋರ್ಟ್ ಕಚೇರಿಯ ಕಿಟಕಿಗೆ ಹಣೆ ಚಚ್ಚಿಕೊಂಡಿದ್ದವಳು ಆಕೆ.
ಈಗ ಹತ್ತೊಂಬತ್ತೂ ಜನ
ಒಂದೇ ಪ್ರತ್ಯಯದಲ್ಲಿ ಮುಗಿದರು.

ಮೂರು ದಿನ ಶೋಕ, ಎಂದಿತು ಸರಕಾರ.
ಬೆಳಕು ಹರಿಯುವ ಮೊದಲೇ ನನ್ನ ಬಾಗಿಲಲ್ಲಿ ಸಾಲು.
ಮೀನು ನಾರುವ ಕೈ, ಉಂಗುರದ ಕೈ,
ಮೊನ್ನೆಯ ಚುನಾವಣೆಯಲ್ಲಿ ಒಂದರ ಕುತ್ತಿಗೆ ಒಂದು ಹಿಡಿದಿದ್ದ ಕೈ.
‘ಬಾಲ್ಕನಿಯದಕ್ಕೆ ಕೊಡಮ್ಮ.’
‘ಅಜ್ಜಿಯ ಕಾಲದ್ದಕ್ಕೆ, ಸೈಬೀರಿಯಾಕ್ಕೆ ಒಯ್ದಾಗ
ಹಾಸಿಗೆಯೊಳಗೆ ಹೊಲಿದಿಟ್ಟಿದ್ದಳಲ್ಲ, ಅದಕ್ಕೆ.’
ಕತ್ತರಿಸಿದೆ, ಕತ್ತರಿಸಿದೆ. ಹೆಬ್ಬೆರಳು ಬೊಬ್ಬೆಯೆದ್ದಿತು.
ಮಧ್ಯಾಹ್ನಕ್ಕೆ ರಿಬ್ಬನ್ ಮುಗಿಯಿತು; ಕೋಟಿನ ಒಳಬಟ್ಟೆ ಸೀಳಿದೆ.

ಆಗ ಬಂದಳು ಕ್ಲಾವ್ದಿಯಾ.
ಹನ್ನೊಂದು ವರುಷ ಮೆಟ್ಟಿಲಲ್ಲಿ ಮುಖ ತಿರುವಿ ನಡೆದವರು ನಾವು.
ನಮ್ಮ ನವೆಂಬರಿನ ಹಬ್ಬಕ್ಕೆ ಅವಳ ಕಿಟಕಿ ಬೋಳು,
ಅವಳ ಮೇ ತಿಂಗಳ ಹೂವಿಗೆ ನನ್ನ ಕದಕ್ಕೆ ಚಿಲಕ.
ಸಾಲು ತಾನೇ ಸರಿದು ದಾರಿ ಬಿಟ್ಟಿತು.
‘ಕಪ್ಪು ಬೇಕು,’ ಎಂದಳು ನನ್ನ ಭಾಷೆಯಲ್ಲಿ,
ಹೊಳೆ ದಾಟುವವಳು ಕಲ್ಲು ನೋಡಿ ಕಾಲಿಡುವಂತೆ.
‘ಬಾವುಟ ಎಷ್ಟು ಅಗಲ?’ ಎಂದೆ.
ಕೇಳಿದ ಮೇಲೆ ಹೊಳೆಯಿತು, ಕೇಳಿದ್ದು ರಷ್ಯನ್ನಿನಲ್ಲಿ,
ಶಾಲೆಯಲ್ಲಿ ಹೊಡೆದು ಕಲಿಸಿದ್ದರಲ್ಲಿ,
ಮರೆತೇಹೋಯಿತೆಂದು ಮೂವತ್ತು ವರುಷ
ಊರಿಗೆಲ್ಲ ನಾನು ಸುಳ್ಳು ಹೇಳಿಕೊಂಡು ಬಂದದ್ದರಲ್ಲಿ.
‘ಬಾವುಟ ಇಲ್ಲ,’ ಎಂದಳು.
‘ಅವನ ಗಾಳದ ಕೋಲಿದೆ.’

ಗಾಳದ ಕೋಲಿಗೆ ಕಾಯಿದೆಯಲ್ಲಿ ಅಳತೆಯಿಲ್ಲ.
ಎರಡೂ ತೋಳು ಚಾಚಿದೆ, ಓಡಿಬರುವ ಮಗುವಿಗೆ ಚಾಚುವಷ್ಟು,
ಅಷ್ಟುದ್ದ ಕತ್ತರಿಸಿ ಕೊಟ್ಟೆ.
ದುಡ್ಡು ಬೇಡವೆಂದೆ. ಚಿಲ್ಲರೆಯನ್ನು ಕುಕ್ಕಿ ಹೋದಳು.

ಆ ರಾತ್ರಿ ಚೌಕದಲ್ಲಿ ಮೇಣದ ಬತ್ತಿ ಹಿಡಿದು ಹಾಡಿದೆವು.
ದೇಶಕ್ಕೆಲ್ಲ ಒಂದೇ ಎದೆ ಎಂದು ಬರೆಯಿತು ಪತ್ರಿಕೆ.
ಇದ್ದೀತು. ನಾನು ಕಂಡದ್ದು ಇಷ್ಟು:
ಮನೆಗೆ ಮರಳಿ ತಲೆಯೆತ್ತಿದರೆ ಮೂರನೆಯ ಮಹಡಿಯಲ್ಲಿ,
ಸಾಲು ಸಾಲು ಕೆಂಪು ಬಿಳಿ ಕೆಂಪುಗಳ ನಡುವೆ
ಒಂದು ಸಪೂರ ಕೋಲು ಗಾಳಿಗೆ ತುದಿ ಬಾಗಿಸಿತ್ತು,
ಕತ್ತಲೊಳಗಿಂದ ಏನೋ ಕಚ್ಚಿ
ಎಳೆಯುತ್ತಿರುವ ಹಾಗೆ.

ನಾಲ್ಕನೆಯ ದಿನ ಬಾವುಟಗಳನ್ನು ಮಡಚಿಟ್ಟರು.
ವಾರದೊಳಗೆ ಅವಳ ಬೆಕ್ಕು ನನ್ನ ಕಾಲೊರಸಿನ ಮೇಲೆ ಉಚ್ಚೆ ಹೊಯ್ದಿತು.
ನಾನು ಬೈದೆ, ಅವಳೂ ಬೈದಳು,
ಅವರವರ ಭಾಷೆಯಲ್ಲೇ, ಒಂದಿಷ್ಟೂ ತಡವರಿಸದೆ.

ಅವಳ ಚಿಲ್ಲರೆಯನ್ನು ಮಾತ್ರ ಖರ್ಚು ಮಾಡಲಾಗಲಿಲ್ಲ.
ಬಿಳಿ ಗುಂಡಿಗಳ ಭರಣಿಯಲ್ಲಿ ಹಾಕಿಟ್ಟಿದ್ದೇನೆ.
ಬಂದರಿನ ಲಾರಿ ಹಾದರೆ ಗುಂಡಿಗಳು ಈಗಲೂ ನಗುತ್ತವೆ;
ನಡುವೆ ಲೋಹದ ದನಿಯೊಂದು,
ನಗಲು ಬಾರದ್ದು.